ಹುಟ್ಟು ಹಿಡಿದ 24 ಹೆಂಗಸರು: ದೋಣಿ, ದುಡ್ಡು ಮತ್ತು ಒಂದು ಹಳೇ ಭಯದ ಕಥೆ

(1/8)
ಈ ಸಲದ ಇತಿಹಾಸ ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಕೂತಾಗ ಓದಿ.

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ಐಡಿಯಾ ಬಂತಲ್ಲ, ನೆನಪಿದೆಯಾ? ಫೆಸ್ಟ್ ಟೈಮಲ್ಲಿ ಅಘನಾಶಿನಿ ಅಳಿವೆಯಲ್ಲಿ ಕಯಾಕ್ ಓಡಿಸೋಣ, ಒಬ್ಬೊಬ್ಬರೂ ಸ್ಪಾನ್ಸರ್ ಹಿಡಿಯೋಣ, ಬಂದ ದುಡ್ಡನ್ನ ಕ್ಯಾನ್ಸರ್ ರೋಗಿಗಳ ಖರ್ಚಿಗೆ ಕೊಡೋಣ ಅಂತ. ಅರ್ಧ ಕ್ಲಾಸ್ ಕುಣೀತು. ಒಬ್ಬ ಮಾತ್ರ ಕೇಳಿದ, "ದೋಣಿ ಹೊಡೆಯೋದಕ್ಕೂ ಕ್ಯಾನ್ಸರಿಗೂ ಏನೋ ಸಂಬಂಧ? ರೀಲ್ಸ್ ಮಾಡೋಕೆ ಒಂದು ನೆಪ ಅಷ್ಟೇ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ಆ ಪ್ರಶ್ನೆ ತಲೆಯಲ್ಲೇ ಉಳೀತು.

ಯಾಕಂದ್ರೆ ನಮ್ಮನೇಲಿ ಆ ಎರಡಕ್ಕೂ ಸಂಬಂಧ ಇದೆ. ನಮ್ಮ ದೊಡ್ಡಮ್ಮ ಅಳಿವೆ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ನೀರು ಇಳಿತ ಆದಾಗ ಸಣ್ಣ ದೋಣಿ ತಗೊಂಡು ಬಳಚು ಹೆಕ್ಕೋಕೆ ಹೋಗ್ತಿದ್ಲು. ಹುಟ್ಟು ಹಾಕೋದ್ರಲ್ಲಿ ನಮ್ಮ ದೊಡ್ಡಪ್ಪನೂ ಅವಳಿಗೆ ಸಾಟಿ ಅಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ಅವಳಿಗೆ ಸ್ತನ ಕ್ಯಾನ್ಸರ್ ಆಯ್ತು. ಆಪರೇಷನ್ ಆಯ್ತು, ಕೀಮೋ ಆಯ್ತು, ಬದುಕಿ ಬಂದಳು. ಆದ್ರೆ ಬಂದಮೇಲೆ ಎಡಗೈಯನ್ನ ಗಾಜಿನ ಸಾಮಾನಿನ ಹಾಗೆ ನೋಡ್ಕೊಳ್ಳೋಕೆ ಶುರು ಮಾಡಿದ್ಲು. ಕೊಡಪಾನ ಎತ್ತಬಾರದು, ಕಾಯಿ ತುರಿಯಬಾರದು, ಹುಟ್ಟಂತೂ ಮುಟ್ಟಲೇಬಾರದು. ಡಾಕ್ಟರು ಹೇಳಿದ್ದು ಎಷ್ಟೋ, ಊರವರು ಸೇರಿಸಿದ್ದು ಎಷ್ಟೋ, ಈಗ ಬೇರೆ ಮಾಡೋಕೆ ಆಗಲ್ಲ. "ಕೈ ಊದ್ಕೊಳ್ತದೆ, ಆಮೇಲೆ ಇಳಿಯೂದಿಲ್ಲ" ಅನ್ನೋ ಒಂದೇ ಮಾತು. ದೋಣಿ ಮನೆ ಹಿಂದೆ ಮಗುಚಿ ಬಿತ್ತು. ಅದರ ಮೇಲೆ ಕೋಳಿ ಕೂರ್ತಿದ್ವು.

ಆ ಭಯ ಎಲ್ಲಿಂದ ಬಂತು? ಅದನ್ನ ಯಾರು ಪ್ರಶ್ನೆ ಮಾಡಿದ್ರು? ಉತ್ತರ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಕೆನಡಾದ ಒಂದು ದೋಣಿ. ಮುಂದಿನ ಪೋಸ್ಟಿಗೆ ಬನ್ನಿ 👉

(2/8)
ಮೊದಲು ದುಡ್ಡಿನ ಕಥೆ. ಬಿಕಾಂನವರು ನಾವು, ಅಲ್ಲಿಂದಲೇ ಶುರು ಮಾಡೋಣ 😄

ಕಯಾಕ್ ಅಂದ್ರೆ ಮೂಲದಲ್ಲಿ ಉತ್ತರ ಧ್ರುವದ ಸುತ್ತಮುತ್ತಲಿನ ಇನುಯಿಟ್ ಜನರ ಬೇಟೆ ದೋಣಿ. ಮರದ ಇಲ್ಲವೇ ಮೂಳೆಯ ಚೌಕಟ್ಟು, ಮೇಲೆ ಸೀಲ್ ಚರ್ಮ. ಅದು ಯುರೋಪಿಗೆ ಹೋಗಿ ಆಟ ಆಯ್ತು, 1936ರ ಬರ್ಲಿನ್ ಒಲಿಂಪಿಕ್ಸಲ್ಲಿ ಪದಕದ ಸ್ಪರ್ಧೆ ಆಯ್ತು. ಆದ್ರೆ "ನಾನು ಇಷ್ಟು ದೂರ ದೋಣಿ ಹೊಡೀತೀನಿ, ನೀವು ಒಂದು ಒಳ್ಳೇ ಕೆಲಸಕ್ಕೆ ದುಡ್ಡು ಕೊಡಿ" ಅನ್ನೋ ಲೆಕ್ಕ ಹೇಗೆ ಬಂತು?

ಒಂದು ಹಳೇ ಉದಾಹರಣೆ ಇಂಗ್ಲೆಂಡಿನದು. 1948ರ ಈಸ್ಟರ್ ಹೊತ್ತಲ್ಲಿ ಡಿವೈಜಸ್ ಅನ್ನೋ ಊರಿನ ನಾಲ್ಕು ಸ್ಕೌಟ್ ಹುಡುಗರು ಕಾಲುವೆ ಮತ್ತು ಥೇಮ್ಸ್ ನದಿ ಹಿಡಿದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ ದೋಣಿಯಲ್ಲಿ ಹೋದ್ರು. 100 ಗಂಟೆಯೊಳಗೆ ಮುಟ್ಟಿದ್ರೆ ಊರವರು ಸ್ಕೌಟ್ ನಿಧಿಗೆ ದುಡ್ಡು ಕೊಡಬೇಕು, ಇದು ಪಂಥ. ಹುಡುಗರು 90 ಗಂಟೆಯೊಳಗೇ ಮುಟ್ಟಿದ್ರು. ಆ 125 ಮೈಲಿಯ ಹಾದಿ ಮುಂದೆ ದೊಡ್ಡ ರೇಸ್ ಆಯ್ತು. ಇವತ್ತೂ ಅಲ್ಲಿ ಎಷ್ಟೋ ಜನ ಆಸ್ಪತ್ರೆ, ಕಾಯಿಲೆ, ಸೇವಾಸಂಸ್ಥೆಗಳ ಹೆಸರಲ್ಲಿ ಹುಟ್ಟು ಹಾಕ್ತಾರೆ.

ಆಸ್ಟ್ರೇಲಿಯಾದಲ್ಲಿ ಹಾಕ್ಸ್‌ಬರಿ ಕನೂ ಕ್ಲಾಸಿಕ್ ಅಂತ ಇದೆ. ಸಿಡ್ನಿ ಹತ್ತಿರದ ಹಾಕ್ಸ್‌ಬರಿ ನದಿಯಲ್ಲಿ ವಿಂಡ್ಸರ್‌ನಿಂದ ಶುರುವಾಗಿ ತುಂಬಾ ದೂರ, ಅದೂ ರಾತ್ರಿಯಿಡೀ. ಕತ್ತಲಲ್ಲಿ ಕಯಾಕ್ ಕಾಣಲಿ ಅಂತ ದೋಣಿಗೆ ಹೊಳೆಯೋ ಕಡ್ಡಿ ಕಟ್ಟಿರ್ತಾರೆ. ನದಿಗೆ ಸಮುದ್ರದ ಭರತ-ಇಳಿತ ಇದೆ. ಭರತ ಎದುರಾದ್ರೆ ಎಷ್ಟು ಹುಟ್ಟು ಹಾಕಿದ್ರೂ ಮುಂದೆ ಹೋದ ಹಾಗೇ ಅನಿಸಲ್ಲ. ನಮ್ಮ ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸ್ಪರ್ಧಿಗಳು ಎತ್ತುವ ದುಡ್ಡು ಆ್ಯರೋ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಫೌಂಡೇಶನ್‌ಗೆ, ಅಂದ್ರೆ ರಕ್ತದ ಕ್ಯಾನ್ಸರಿನಂಥ ಕಾಯಿಲೆಗೆ ಅಸ್ಥಿಮಜ್ಜೆ ಕಸಿ ಮಾಡೋ ಕೆಲಸಕ್ಕೆ ಹೋಗ್ತದೆ.

ಇಲ್ಲೆಲ್ಲ ಒಂದು ವಿಷಯ ಗಮನಿಸಿ. ಗಟ್ಟಿಮುಟ್ಟಾದವರು ಹುಟ್ಟು ಹಾಕ್ತಾರೆ, ರೋಗಿಗಳು ಆಸ್ಪತ್ರೆಯಲ್ಲಿ ಇರ್ತಾರೆ. ದೋಣಿ ಬೇರೆ, ಕಾಯಿಲೆ ಬೇರೆ. ಮಧ್ಯದ ಸೇತುವೆ ದುಡ್ಡು ಮಾತ್ರ. ನಮ್ಮ ಗ್ರೂಪಿನ ಪ್ರಶ್ನೆ ಇದ್ದದ್ದೇ ಇಲ್ಲಿ.

(3/8)
ಈಗ ಕೈಯ ಕಥೆ. ಸ್ವಲ್ಪ ಗಂಭೀರ, ಆದ್ರೂ ಓದಿ.

ಹೈಸ್ಕೂಲ್ ವಿಜ್ಞಾನದಲ್ಲಿ ದುಗ್ಧರಸ ಅಂತ ಒಂದು ಪದ ಬಾಯಿಪಾಠ ಮಾಡಿದ್ವಲ್ಲ? ರಕ್ತನಾಳದಿಂದ ಹೊರಗೆ ಜಿನುಗಿದ ದ್ರವವನ್ನ ವಾಪಸ್ ರಕ್ತಕ್ಕೆ ಸೇರಿಸೋ ವ್ಯವಸ್ಥೆ ಅದು. ಗದ್ದೆಯಲ್ಲಿ ನಿಂತ ನೀರು ಹೋಗೋಕೆ ತೋಡು ಇರ್ತದಲ್ಲ, ಹಾಗೆ. ಕೈಯಿಂದ ಬರೋ ತೋಡುಗಳೆಲ್ಲ ಕಂಕುಳಿನ ಗ್ರಂಥಿಗಳ ಮೂಲಕ ಹಾದು ಹೋಗ್ತವೆ. ಸ್ತನದ ಕ್ಯಾನ್ಸರ್ ಹರಡುವಾಗಲೂ ಮೊದಲು ಮುಟ್ಟೋದು ಸಾಮಾನ್ಯವಾಗಿ ಅದೇ ಗ್ರಂಥಿಗಳನ್ನ. ಹಾಗಾಗಿ ಆಪರೇಷನ್ನಲ್ಲಿ ಅವನ್ನೂ ತೆಗೀತಿದ್ರು. ತೋಡು ಕಡಿದ ಗದ್ದೆಯಲ್ಲಿ ನೀರು ನಿಂತ ಹಾಗೆ ಕೈ ಬಾತುಕೊಳ್ತದೆ. ಇದಕ್ಕೆ ಲಿಂಫೆಡೀಮಾ ಅಂತಾರೆ. ಎಲ್ಲರಿಗೂ ಬರಲ್ಲ. ಬಂದವರಿಗೆ ಪೂರ್ತಿ ವಾಸಿ ಆಗೋದು ಕಷ್ಟ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಒಂದು ದೊಡ್ಡ ಆಪರೇಷನ್ ರೂಢಿಗೆ ತಂದರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ, ಎಲ್ಲವನ್ನೂ ಒಟ್ಟಿಗೆ ತೆಗೆಯೋದು. 1894ರಲ್ಲಿ ಅವರು ಅದರ ಫಲಿತಾಂಶ ಪ್ರಕಟಿಸಿದ್ರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆನೇ, ಯಾಕಂದ್ರೆ ಅದಕ್ಕೆ ಮುಂಚೆ ಆಪರೇಷನ್ ಮಾಡಿದ ಜಾಗದಲ್ಲೇ ಗಂಟು ಮತ್ತೆ ಮತ್ತೆ ಬರ್ತಿತ್ತು. ಆದ್ರೆ ಹೆಂಗಸರು ಅದಕ್ಕೆ ತೆತ್ತ ಬೆಲೆ ಊದಿದ, ಎತ್ತಲಾಗದ ಕೈ. 1921ರಲ್ಲಿ ಹಾಲ್‌ಸ್ಟೆಡ್ ಅವರೇ ಈ ಕೈ ಊತದ ಬಗ್ಗೆ ಬರೆದರು, ಅದಕ್ಕೆ ಆನೆಕಾಲು ರೋಗದ ಹೆಸರನ್ನೇ ಹೋಲುವ ಹೆಸರಿಟ್ಟರು.

ಸುಮಾರು ಮುಕ್ಕಾಲು ಶತಮಾನ ಈ ಆಪರೇಷನ್ನೇ ನಡೀತು. ಆಮೇಲೆ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ 1971ರಿಂದ ದೊಡ್ಡ ದೊಡ್ಡ ಪ್ರಯೋಗ ನಡೆಸಿದ್ರು. ಇಷ್ಟೆಲ್ಲ ಕತ್ತರಿಸಿದ್ರೆ ಹೆಚ್ಚು ದಿನ ಬದುಕ್ತಾರೆ ಅನ್ನೋದು ನಿಜ ಅಲ್ಲ ಅಂತ 1985ರ ಹೊತ್ತಿಗೆ ತೋರಿಸಿದ್ರು. ಕತ್ತಿ ಚಿಕ್ಕದಾಯ್ತು. ಆದ್ರೆ ಭಯ ಮಾತ್ರ ಚಿಕ್ಕದಾಗಲಿಲ್ಲ.

(4/8)
ಭಯ ಹೇಗಿತ್ತು ಗೊತ್ತಾ?

1990ರ ದಶಕದಲ್ಲೂ ಬಹಳ ಕಡೆ ಆಪರೇಷನ್ ಆದ ಹೆಂಗಸರಿಗೆ ಸಿಗ್ತಿದ್ದ ಸಲಹೆ ಹೀಗೆ: ಭಾರ ಎತ್ತಬೇಡಿ. ಆ ಕೈಯಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಬೇಡಿ. ಹಿಟ್ಟು ನಾದೋದು, ತೋಟದ ಕೆಲಸ, ಸಾಮಾನಿನ ಚೀಲ, ಎಲ್ಲದಕ್ಕೂ ಹುಷಾರು. ಅದರ ಹಿಂದಿನ ತರ್ಕ ಮೇಲ್ನೋಟಕ್ಕೆ ಸರಿ ಇದೆ. ಕೆಲಸ ಮಾಡಿದ್ರೆ ಕೈಗೆ ರಕ್ತ ಹೆಚ್ಚು ಬರ್ತದೆ, ದ್ರವ ಹೆಚ್ಚು ಜಿನುಗ್ತದೆ, ತೋಡು ಮೊದಲೇ ಕಡಿದಿದೆ, ಹಾಗಾದ್ರೆ ಊತ ಬರಲೇಬೇಕು.

ತರ್ಕ ಇತ್ತು, ಪುರಾವೆ ಇರಲಿಲ್ಲ. ಯಾರೂ ಸರಿಯಾಗಿ ಅಳತೆ ಮಾಡಿ ನೋಡಿರಲಿಲ್ಲ.

ಇದರ ಇನ್ನೊಂದು ಮುಖ ನಾನು ಮನೇಲೇ ನೋಡಿದ್ದೀನಿ. ಕೆಲಸ ಮಾಡದ ಕೈ ಬಲ ಕಳ್ಕೊಳ್ತದೆ, ಭುಜ ಬಿಗೀತದೆ. ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯರು "ನಾನು ರೋಗಿ" ಅನ್ನೋದನ್ನ ದಿನಕ್ಕೆ ಹತ್ತು ಸಲ ನೆನಪಿಸ್ಕೊಳ್ಬೇಕಾಗ್ತದೆ. ಬಾವಿ ಹತ್ತಿರ ಹೋದ್ರೆ ಯಾರೋ ಓಡಿ ಬಂದು ಹಗ್ಗ ಕಸ್ಕೊಳ್ತಾರೆ. ಪ್ರೀತಿಯಿಂದಲೇ. ದೊಡ್ಡಮ್ಮ ಒಂದ್ಸಲ ಹೇಳಿದ್ಲು, "ಎಲ್ಲರೂ ನನ್ನ ಕೈ ಹತ್ರ ಮಾತಾಡ್ತಾರೆ ಮಾರಾಯ, ನನ್ನ ಹತ್ರ ಯಾರೂ ಮಾತಾಡೂದಿಲ್ಲ."

ನಮ್ಮ ದೇಶದಲ್ಲಿ ಇದು ಒಂದಿಬ್ಬರ ಕಥೆ ಅಲ್ಲ. ಭಾರತದ ಹೆಂಗಸರಲ್ಲಿ ಇವತ್ತು ಅತಿ ಹೆಚ್ಚು ಕಾಣೋ ಕ್ಯಾನ್ಸರ್ ಸ್ತನದ್ದೇ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ಕ್ಯಾನ್ಸರ್ ನೋಂದಣಿಯ ಲೆಕ್ಕ ಇಡ್ತಿದ್ದಾರೆ. ಆದ್ರೆ ಬದುಕಿ ಮನೆಗೆ ಬಂದವರಲ್ಲಿ ಎಷ್ಟು ಜನ ಕೊಡಪಾನ ಎತ್ತೋದನ್ನ ಬಿಟ್ಟರು ಅನ್ನೋದು ಯಾವ ರಿಜಿಸ್ಟರಲ್ಲೂ ಬರೋ ವಿಷಯ ಅಲ್ಲ.

ಈಗ ಕೆನಡಾಗೆ ಹೋಗೋಣ 👉

(5/8)
ವ್ಯಾಂಕೂವರ್. ಕೆನಡಾದ ಪಶ್ಚಿಮ ಕರಾವಳಿ. ಕ್ಯಾನ್ಸರಿಗೆ ದುಡ್ಡು ಎತ್ತೋ ಇತಿಹಾಸದಲ್ಲಿ ಈ ಸೀಮೆಗೆ ಮೊದಲೇ ಒಂದು ಹೆಸರಿತ್ತು. ಟೆರ್ರಿ ಫಾಕ್ಸ್ ಬೆಳೆದದ್ದು ಇಲ್ಲಿಯ ಪೋರ್ಟ್ ಕೊಕ್ವಿಟ್‌ಲಾಮ್‌ನಲ್ಲಿ. ಕ್ಯಾನ್ಸರಿನಿಂದ ಒಂದು ಕಾಲು ಕಳ್ಕೊಂಡ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಕಾಯಿಲೆ ಶ್ವಾಸಕೋಶಕ್ಕೆ ಹರಡಿದ್ದರಿಂದ ಅರ್ಧದಲ್ಲೇ ನಿಲ್ಲಿಸಬೇಕಾಯ್ತು, 1981ರ ಜೂನಲ್ಲಿ ತೀರಿಕೊಂಡ. ಆಗ ಅವನಿಗೆ 22 ವರ್ಷ, ನಮಗಿಂತ ಎರಡೇ ವರ್ಷ ದೊಡ್ಡವನು. ತಲೆಗೊಂದು ಡಾಲರ್ ಅನ್ನೋ ಅವನ ಆಸೆ ಅವನು ಬದುಕಿರುವಾಗಲೇ ಈಡೇರಿತ್ತು. ದೇಶ 2.4 ಕೋಟಿ ಡಾಲರ್ ದಾಟಿಸಿ ಕೊಟ್ಟಿತ್ತು. ಅಲ್ಲಿ ಓಡಿದವನೇ ರೋಗಿ, ನೆನಪಿಡಿ.

ಅದೇ ವ್ಯಾಂಕೂವರಿಗೆ 1986ರ ಎಕ್ಸ್‌ಪೋ ಹೊತ್ತಲ್ಲಿ ಹಾಂಗ್‌ಕಾಂಗ್ ಕಡೆಯಿಂದ ಡ್ರ್ಯಾಗನ್ ಬೋಟ್ ಬಂತು. ಇದು ಚೀನಾದ ಹಳೇ ಹಬ್ಬದ ದೋಣಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಸಂಪ್ರದಾಯ ಅಂತಾರೆ. ಕಯಾಕಲ್ಲಿ ಒಬ್ಬರೋ ಇಬ್ಬರೋ ಕೂರ್ತಾರೆ, ಹುಟ್ಟಿಗೆ ಎರಡೂ ಕಡೆ ಅಲಗು. ಡ್ರ್ಯಾಗನ್ ಬೋಟಲ್ಲಿ 20 ಜನ ಜೋಡಿ ಜೋಡಿಯಾಗಿ ಕೂತು ಒಂದೇ ಅಲಗಿನ ಹುಟ್ಟು ಹಾಕ್ತಾರೆ. ಮುಂದೆ ಒಬ್ಬರು ಡೋಲು, ಹಿಂದೆ ಒಬ್ಬರು ಚುಕ್ಕಾಣಿ. ಡೋಲಿನ ಪೆಟ್ಟಿಗೆ 20 ಹುಟ್ಟು ಒಟ್ಟಿಗೆ ನೀರಿಗೆ ಬೀಳಬೇಕು.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾನ್ ಮೆಕೆಂಜಿ ಅಂತ ಕ್ರೀಡಾ ವೈದ್ಯರಿದ್ರು. ಕೆನಡಾದ ಕನೂ-ಕಯಾಕ್ ತಂಡದ ಜೊತೆ ಡಾಕ್ಟರಾಗಿ ಕೆಲಸ ಮಾಡಿದವರು, ಹುಟ್ಟು ಹಾಕೋದು ಮೈಗೆ ಏನು ಮಾಡ್ತದೆ ಅಂತ ಚೆನ್ನಾಗಿ ಗೊತ್ತಿದ್ದವರು. ಕೈಗೆ ವ್ಯಾಯಾಮ ಬೇಡ ಅನ್ನೋ ಸಲಹೆ ಅವರಿಗೆ ಸರಿ ಕಾಣಲಿಲ್ಲ. ಪರೀಕ್ಷೆ ಮಾಡಬೇಕು ಅಂದ್ರೆ ಭುಜ-ತೋಳಿಗೆ ಜೋರಾದ, ಮತ್ತೆ ಮತ್ತೆ ಮಾಡೋ ಕೆಲಸ ಬೇಕು. ಅಂದ್ರೆ ಯಾವುದನ್ನ ಬೇಡ ಅಂತಿದ್ರೋ ಅದೇ.

1996ರ ಫೆಬ್ರವರಿಯಲ್ಲಿ ಸ್ತನ ಕ್ಯಾನ್ಸರಿನಿಂದ ಗುಣವಾದ 24 ಹೆಂಗಸರು ಮುಂದೆ ಬಂದ್ರು.

(6/8)
ಅವರಲ್ಲಿ ಬಹಳ ಮಂದಿ ಅದಕ್ಕೆ ಮುಂಚೆ ಹುಟ್ಟು ಹಿಡಿದವರೇ ಅಲ್ಲ. ಸೀದಾ ದೋಣಿಗೆ ಹತ್ತಿಸಲಿಲ್ಲ. ಮೊದಲು ಜಿಮ್ಮಲ್ಲಿ ತಯಾರಿ: ಸ್ಟ್ರೆಚಿಂಗ್, ಸಣ್ಣ ತೂಕ, ನಿಧಾನಕ್ಕೆ ಹೆಚ್ಚಿಸೋದು. ಆಮೇಲೆ ನೀರಿಗೆ. ಕೈಗಳ ಮೇಲೆ ಡಾಕ್ಟರು, ಫಿಸಿಯೊ ಕಣ್ಣಿಟ್ಟಿದ್ರು. ತಂಡಕ್ಕೆ 'ಅಬ್ರೆಸ್ಟ್ ಇನ್ ಎ ಬೋಟ್' ಅಂತ ಹೆಸರು. ಗುಲಾಬಿ ಬಣ್ಣ. ಆ ಜೂನಲ್ಲಿ ನಗರದ ಡ್ರ್ಯಾಗನ್ ಬೋಟ್ ಹಬ್ಬದ ರೇಸಿಗೂ ಇಳಿದ್ರು.

ಸ್ವಲ್ಪ ಯೋಚಿಸಿ. ಪ್ರತಿ ಹುಟ್ಟಿಗೂ ಅವರು ಪಣಕ್ಕಿಟ್ಟದ್ದು ಸ್ವಂತ ಕೈ. ಡಾಕ್ಟರ ಲೆಕ್ಕ ತಪ್ಪಿದ್ರೆ ಊದೋದು ಡಾಕ್ಟರ ಕೈ ಅಲ್ಲ.

ಸೀಸನ್ ಮುಗೀತು. ಹೊಸದಾಗಿ ಒಬ್ಬರಿಗೂ ಕೈ ಊತ ಬರಲಿಲ್ಲ. ಮೊದಲೇ ಇದ್ದವರಿಗೆ ಹೆಚ್ಚಾಗಲಿಲ್ಲ. 1998ರಲ್ಲಿ ಮೆಕೆಂಜಿ ಇದನ್ನ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಒಂದು ಸೀಸನ್ನಿಗೆ ಅಂತ ಕಟ್ಟಿದ್ದ ತಂಡವನ್ನ ಆ ಹೆಂಗಸರು ಬಿಡಲಿಲ್ಲ.

ಇಲ್ಲಿ ನಿಲ್ಲಿಸಿ "ನೋಡಿ, ಡಾಕ್ಟರೆಲ್ಲ ತಪ್ಪು!" ಅಂತ ರೀಲ್ ಮಾಡಿದ್ರೆ ಲೈಕ್ ಬರ್ತದೆ, ಆದ್ರೆ ಅದು ಇತಿಹಾಸ ಆಗಲ್ಲ. 24 ಜನ ಅಂದ್ರೆ ತುಂಬಾ ಚಿಕ್ಕ ಸಂಖ್ಯೆ. ಹೋಲಿಸಿ ನೋಡೋಕೆ ಇನ್ನೊಂದು ಗುಂಪೂ ಇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲಿ ಸ್ಯಾಂಪಲ್ ಸೈಜ್ ಓದಿದವರು ಇಷ್ಟಕ್ಕೇ ಒಪ್ಪಬಾರದು. ಆ ದೋಣಿ ಉತ್ತರ ಕೊಡಲಿಲ್ಲ, ಹಳೇ ಉತ್ತರದ ಮೇಲೆ ಅನುಮಾನ ಹುಟ್ಟಿಸ್ತು. ಮುಂದಿನ ಸಂಶೋಧಕರಿಗೆ ಅದೇ ಬೇಕಾಗಿತ್ತು.

ಗಟ್ಟಿ ಪುರಾವೆ ಬರೋಕೆ ಇನ್ನೂ ಹತ್ತು ವರ್ಷ ಹಿಡೀತು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ತಂಡ, ಮೊದಲೇ ಕೈ ಊತ ಇದ್ದ 141 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ ತೂಕ ಎತ್ತಿಸಿದ್ರು. ಒಂದು ವರ್ಷದ ನಂತರ ತೂಕ ಎತ್ತಿದವರ ಊತ ಇನ್ನೊಂದು ಗುಂಪಿಗಿಂತ ಹೆಚ್ಚಾಗಲಿಲ್ಲ. ಊತ ದಿಢೀರ್ ಕೆಟ್ಟದಾದದ್ದು ತೂಕ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಅಂದ್ರೆ ಹೆಚ್ಚುಕಮ್ಮಿ ಅರ್ಧ.

ಆದ್ರೆ ಅಲ್ಲಿ ಹೇಳಿಕೊಡೋರು ಇದ್ರು, ಕೈಗೆ ಬಿಗಿ ತೋಳುಚೀಲ ಇತ್ತು, ತೂಕ ನಿಧಾನಕ್ಕೆ ಏರಿತ್ತು. ಇದನ್ನ ಓದಿ ಯಾರೂ ನಾಳೆನೇ ನಿಮ್ಮ ಅಮ್ಮ, ಅತ್ತೆಗೆ ಕೊಡಪಾನ ಕೊಡಬೇಡಿ 🙏 ಮೊದಲು ಅವರ ಡಾಕ್ಟರನ್ನ, ಫಿಸಿಯೊನ ಕೇಳಿ.

(7/8)
ಮುಂದೇನಾಯ್ತು? ದೋಣಿ ಹರಡ್ತು.

ವ್ಯಾಂಕೂವರಿನ ಆ ಒಂದು ತಂಡ ನೋಡಿ ಕೆನಡಾದ ಬೇರೆ ಊರುಗಳಲ್ಲಿ, ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ಯುರೋಪ್, ಹೀಗೆ ತಂಡಗಳು ಹುಟ್ಟಿದ್ವು. ಈಗ ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇವೆ. 2010ರಲ್ಲಿ ಇವಕ್ಕೆಲ್ಲ ಸೇರಿ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಆಯ್ತು. ಕೆಲವು ವರ್ಷಕ್ಕೊಮ್ಮೆ ಎಲ್ಲರೂ ಸೇರೋ ಹಬ್ಬ: 2005ರಲ್ಲಿ ವ್ಯಾಂಕೂವರ್, 2007ರಲ್ಲಿ ಆಸ್ಟ್ರೇಲಿಯಾದ ಕಲೌಂಡ್ರಾ, 2010ರಲ್ಲಿ ಕೆನಡಾದ ಪೀಟರ್‌ಬರೋ, 2014ರಲ್ಲಿ ಅಮೆರಿಕದ ಸರಸೋಟಾ, 2018ರಲ್ಲಿ ಇಟಲಿಯ ಫ್ಲಾರೆನ್ಸ್. ಕೋವಿಡ್‌ನಿಂದ ಮುಂದೆ ಹೋದ ನ್ಯೂಜಿಲೆಂಡಿನ ಹಬ್ಬ 2023ರಲ್ಲಿ ನಡೀತು. ರೇಸಿನ ಕೊನೆಗೆ ದೋಣಿಗಳೆಲ್ಲ ಒಂದಕ್ಕೊಂದು ತಾಗಿ ಸಾಲಾಗಿ ನಿಲ್ತವೆ. ಆ ವರ್ಷ ತೀರಿಕೊಂಡ ಗೆಳತಿಯರನ್ನ ನೆನೆದು ಎಲ್ಲರೂ ಗುಲಾಬಿ ಬಣ್ಣದ ಹೂವನ್ನ ನೀರಿಗೆ ಬಿಡ್ತಾರೆ. ಆಗ ಯಾರು ಗೆದ್ದರು ಅಂತ ಯಾರೂ ಕೇಳಲ್ಲ.

ಈಗ ಮತ್ತೆ ದುಡ್ಡಿಗೆ ಬರೋಣ. ಪೀಟರ್‌ಬರೋ ಊರಿನ 'ಸರ್ವೈವರ್ಸ್ ಅಬ್ರೆಸ್ಟ್' ಅನ್ನೋ ತಂಡ 2001ರಲ್ಲಿ ತಮ್ಮೂರಿನ ಲಿಟಲ್ ಲೇಕಲ್ಲಿ ಒಂದು ಡ್ರ್ಯಾಗನ್ ಬೋಟ್ ಹಬ್ಬ ಶುರು ಮಾಡ್ತು. ಊರಿನ ಕಂಪನಿ, ಕಚೇರಿ, ಗೆಳೆಯರ ಗುಂಪು ತಂಡ ಕಟ್ಟಿಕೊಂಡು ಬರ್ತಾರೆ, ಪ್ರತಿಯೊಬ್ಬರೂ ತಮ್ಮ ಪರಿಚಯದವರ ಹತ್ತಿರ ದೇಣಿಗೆ ಎತ್ತುತ್ತಾರೆ. ದುಡ್ಡು ಹೋಗೋದು ಅದೇ ಊರಿನ ಪ್ರಾದೇಶಿಕ ಆಸ್ಪತ್ರೆಗೆ, ಸ್ತನ ಕ್ಯಾನ್ಸರಿನ ತಪಾಸಣೆ, ಪತ್ತೆ, ಚಿಕಿತ್ಸೆಯ ಸಲಕರಣೆಗೆ. ವರ್ಷ ವರ್ಷ ಸೇರಿ ಅದು ಮಿಲಿಯನ್ ಡಾಲರ್‌ಗಳ ಲೆಕ್ಕಕ್ಕೆ ಹೋಯ್ತು.

ಬಿಕಾಂ ಕಣ್ಣಲ್ಲಿ ನನಗೆ ಇಲ್ಲಿ ಮೂರು ವಿಷಯ ಕಂಡಿತು. ಒಂದು, ದುಡ್ಡು ಎಲ್ಲಿಗೆ ಅನ್ನೋದು ಸ್ಪಷ್ಟ: ಒಂದು ಊರು, ಒಂದು ಆಸ್ಪತ್ರೆ, ಒಂದು ಕಾಯಿಲೆ. ಕೊಟ್ಟವರು ಆಸ್ಪತ್ರೆಗೆ ಹೋದಾಗ ಆ ಮಷೀನನ್ನ ಕಣ್ಣಾರೆ ನೋಡಬಹುದು. ಎರಡು, ಪ್ರವೇಶ ಶುಲ್ಕ ಬೇರೆ, ದೇಣಿಗೆ ಬೇರೆ. ದೋಣಿ, ರಕ್ಷಣಾ ಜಾಕೆಟ್, ವಿಮೆ, ಊಟದ ಖರ್ಚು ದೇಣಿಗೆಯನ್ನ ತಿಂದರೆ ಕಾರ್ಯಕ್ರಮ ಚೆಂದ ಆಗ್ತದೆ, ಆಸ್ಪತ್ರೆಗೆ ಏನೂ ಉಳಿಯಲ್ಲ. ಮೂರನೇದು ಮುಖ್ಯ. ಈ ಹಬ್ಬ ಕಟ್ಟಿದವರೇ ಕಾಯಿಲೆ ದಾಟಿ ಬಂದವರು. ಅವರು ದೇಣಿಗೆ ಪಡೆಯೋರ ಸಾಲಲ್ಲಿ ನಿಂತಿಲ್ಲ, ದೋಣಿಯಲ್ಲಿ ಕೂತಿದ್ದಾರೆ.

(8/8)
ನಮ್ಮ ಗ್ರೂಪಿನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು ಅಂತ ನನಗನಿಸ್ತದೆ. ದೋಣಿಗೂ ಕ್ಯಾನ್ಸರಿಗೂ ಸಂಬಂಧ ಇರಲೇಬೇಕು ಅಂತ ಇಲ್ಲ. ಹಾಕ್ಸ್‌ಬರಿಯಲ್ಲಿ ರಾತ್ರಿಯಿಡೀ ಕಯಾಕ್ ಓಡಿಸಿ ಎತ್ತಿದ ದುಡ್ಡಿಂದ ಯಾರಿಗೋ ಚಿಕಿತ್ಸೆ ಸಿಗ್ತದೆ, ಅದು ಸಣ್ಣ ವಿಷಯ ಅಲ್ಲ. ಆದ್ರೆ ವ್ಯಾಂಕೂವರಲ್ಲಿ ಆದದ್ದು ಬೇರೆ. ಅಲ್ಲಿ ಹುಟ್ಟು ಹಾಕಿದ್ದೇ ಪ್ರಶ್ನೆ ಕೇಳಿದ ಹಾಗಾಯ್ತು. ದುಡ್ಡು ಆಮೇಲೆ ಬಂತು.

ಈ ಕಥೆನ ಮೊದಲು ಹೇಳಿದ್ದು ದೊಡ್ಡಮ್ಮನಿಗೆ. ಫೋನಲ್ಲಿ ಗುಲಾಬಿ ಬಣ್ಣದ ತಂಡಗಳ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದ್ಲು. ಆಮೇಲೆ ಒಂದೇ ಪ್ರಶ್ನೆ: "ಅವರ ಕೈ ಊದಲಿಲ್ವನ?" ನಾನು 24 ಜನರ ಕಥೆ, 141 ಜನರ ಕಥೆ ಎಲ್ಲ ಹೇಳಿದೆ. "ನಿಂಗೆ ಯಾರು ಹೇಳಿದ್ರು, ಫೋನಾ?" ಅಂದ್ಲು. ಸರಿಯಾದ ಪ್ರಶ್ನೆನೇ. ಅದಕ್ಕೇ ಮುಂದಿನ ವಾರ ಅಕ್ಕ ಅವಳನ್ನ ಫಿಸಿಯೊ ಹತ್ರ ಕರ್ಕೊಂಡು ಹೋದ್ಲು. ಅವರು ಟೇಪ್ ಹಿಡಿದು ಎರಡೂ ಕೈ ಅಳೆದ್ರು, ತೋಳುಚೀಲ ಬರೆದುಕೊಟ್ರು. ಅರ್ಧ ಲೀಟರ್ ನೀರಿನ ಬಾಟ್ಲಿಯಿಂದ ಶುರು ಮಾಡಿ, ತಿಂಗಳಿಗೊಮ್ಮೆ ಬಂದು ಅಳತೆ ಕೊಡಿ ಅಂದ್ರು. ದೊಡ್ಡಮ್ಮ ಅಳತೆಗಳನ್ನ ಕ್ಯಾಲೆಂಡರ್ ಹಿಂದೆ ಬರೆದಿಡ್ತಾಳೆ. ನನ್ನ ಅಕೌಂಟ್ಸ್ ನೋಟ್ಸಿಗಿಂತ ನೀಟಾಗಿದೆ.

ದೋಣಿ ಇನ್ನೂ ಮಗುಚಿಯೇ ಇದೆ. ಹೋದ ಭಾನುವಾರ ಮಾತ್ರ ಕೋಳಿ ಓಡಿಸಿ, ಅಡಿಗೆ ಎಲ್ಲಿ ಸೀಳಿದೆ ಅಂತ ಬಗ್ಗಿ ನೋಡ್ತಿದ್ಲು. ನಾನು ಏನೂ ಕೇಳಲಿಲ್ಲ.

ನಮ್ಮ ಫೆಸ್ಟಿನ ವಿಷಯ. ಕಯಾಕ್ ಮಾಡೋಣ, ನಾನು ರೆಡಿ. ಆದ್ರೆ ಮೂರು ಮಾತು. ಮೊದಲನೇದು, ಖರ್ಚಿನ ಲೆಕ್ಕ ಮತ್ತು ದೇಣಿಗೆಯ ಲೆಕ್ಕ ಬೇರೆ ಬೇರೆ ಪುಸ್ತಕದಲ್ಲಿ ಇರಲಿ, ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕೋಣ. ಎರಡನೇದು, ದುಡ್ಡು ಯಾವ ಊರಿಗೆ, ಯಾವ ಕೆಲಸಕ್ಕೆ ಅಂತ ಮೊದಲೇ ತೀರ್ಮಾನ ಮಾಡೋಣ. ನನ್ನ ಕೇಳಿದ್ರೆ ತೋಳುಚೀಲ ಮತ್ತು ಫಿಸಿಯೊಗೆ ಹೋಗಿಬರೋ ಬಸ್ ಖರ್ಚು. ಅದಕ್ಕೆ ಯಾರೂ ದುಡ್ಡು ಎತ್ತಲ್ಲ. ಮೂರನೇದು, ನಮ್ಮೂರುಗಳಲ್ಲಿ ಕಾಯಿಲೆ ದಾಟಿ ಬಂದವರನ್ನ ಸ್ಟೇಜಿಗೆ ಕರೆದು ಶಾಲು ಹೊದಿಸೋದು ಬೇಡ. ಬರ್ತೀನಿ ಅಂದವರನ್ನ, ಡಾಕ್ಟರು ಸರಿ ಅಂದಮೇಲೆ, ದೋಣಿಗೆ ಕರೆಯೋಣ. ಹುಟ್ಟು ಹಾಕದಿದ್ರೂ ಪರವಾಗಿಲ್ಲ. ಭರತ ಯಾವಾಗ, ಇಳಿತ ಯಾವಾಗ ಅಂತ ಹೇಳೋಕೆ ನಮಗೆ ಹೇಗೂ ಯಾರಾದ್ರೂ ಬೇಕು.

ನಿಮ್ಮನೇಲೂ ಹೀಗೆ ಕೈ ಕಟ್ಟಿಹಾಕಿಕೊಂಡವರು ಇದ್ರೆ ಈ ಸರಣಿ ಅವರಿಗೆ ಓದಿ ಹೇಳಿ. ಫಾರ್ವರ್ಡ್ ಮಾಡೋದಕ್ಕಿಂತ ಪಕ್ಕದಲ್ಲಿ ಕೂತು ಓದೋದು ಒಳ್ಳೇದು. ತಪ್ಪು ಕಂಡ್ರೆ ಕಾಮೆಂಟಲ್ಲಿ ಹೇಳಿ, ತಿದ್ಕೊಳ್ತೀನಿ. ಫೆಸ್ಟಿಗೆ ಹೆಸರು ಕೊಡೋರು ಕ್ಲಾಸ್ ಗ್ರೂಪಲ್ಲಿ ಕೊಡಿ. ಈಜು ಬರದವರು ಅದನ್ನೂ ಹೇಳಿ, ನಾಚಿಕೆ ಬೇಡ 💗

#ಇತಿಹಾಸದಕಥೆ #ದೋಣಿ #ಕಯಾಕ್ #ಸ್ತನಕ್ಯಾನ್ಸರ್ #ಅಘನಾಶಿನಿ #ಬಿಕಾಂಹುಡುಗರು